ನಾಲ್ಕು ಪ್ಲಗ್ಗು, ಒಂದೇ ಕಪ್ಪು

ಕಾರು ನಿಂತ ಜಾಗದಲ್ಲಿ ದ್ರಾಕ್ಷಿ ತೋಟವಿತ್ತು ಎಂದು ನಾನು ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಕಲ್ಲುಕಂಬಗಳ ಸಾಲು, ತಂತಿಯ ಮೇಲೆ ಹಬ್ಬಿದ ಬಳ್ಳಿ, ಹಕ್ಕಿ ಓಡಿಸಲು ತಗಡಿನ ಡಬ್ಬ ಬಡಿಯುತ್ತಿದ್ದ ಒಬ್ಬ ಮುದುಕ, ಎಲ್ಲವನ್ನೂ ವರ್ಣಿಸಬಲ್ಲೆ. ಅಕ್ಕ ರತ್ನ ಅಲ್ಲಿದ್ದದ್ದು ನೀಲಗಿರಿ ತೋಪು ಎನ್ನುತ್ತಾಳೆ. ಅಮ್ಮನ ಪ್ರಕಾರ ಅಲ್ಲಿ ಏನೂ ಇರಲಿಲ್ಲ. ಬರೀ ಬಯಲು, ನೆರಳಿಲ್ಲದೆ ಎಲ್ಲರೂ ಬೆಂದುಹೋದೆವು. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಆ ರಸ್ತೆ ಈಗ ಅಗಲವಾಗಿದೆ, ಎರಡೂ ಬದಿಗೆ ಗೋದಾಮುಗಳೂ ಬಡಾವಣೆಗಳ ಫಲಕಗಳೂ ಬಂದಿವೆ. ಎರಡು ಸಲ ಅಲ್ಲಿಗೆ ಹೋಗಿ, ರಸ್ತೆಬದಿಯಲ್ಲಿ ನಿಂತು, ಎಳನೀರು ಮಾರುವವನನ್ನು ಇಲ್ಲಿ ಹಿಂದೆ ಏನಿತ್ತಪ್ಪಾ ಎಂದು ಕೇಳಿದೆ. ಅವನು ಹುಟ್ಟಿದ್ದೇ ಆಮೇಲೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಮೂವರೂ ಒಂದೇ ಕಾರಿನಿಂದ ಇಳಿದವರು, ಆದರೂ ಮೂರು ಬೇರೆ ಬೇರೆ ಜಾಗಗಳಲ್ಲಿ ನಿಂತಿದ್ದೇವೆ. ಭೌತಶಾಸ್ತ್ರ ಓದಿದ ನನಗೆ ಸಾಕ್ಷಿಯಿಲ್ಲದ್ದನ್ನು ನಂಬಲು ಕಷ್ಟ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಎಲ್ಲಿ ನನಗೆ ಅನುಮಾನವಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಮನೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಪಕ್ಕದಲ್ಲಿ ಅಡುಗೆಮನೆ, ಹಿತ್ತಿಲಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಷೆಡ್ಡು. ಅಲ್ಲಿ ನೂರಾರು ಕದಿರುಗಳು ತಿರುಗುತ್ತಿದ್ದವು. ಅವುಗಳ ಗುಂಯ್‌ಗುಡುವಿಕೆ ಗೋಡೆಯೊಳಗೆ ಇಳಿದು, ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಸದಾ ಸಣ್ಣಗೆ ಅದುರುತ್ತಿದ್ದವು. ಕರೆಂಟು ಹೋದರೆ ಮನೆಯವರೆಲ್ಲ ಏನೋ ಕಳೆದುಕೊಂಡವರಂತೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅಪ್ಪನ ಪರಮವೈರಿ ಧೂಳು. ಧೂಳು ಕೂತರೆ ನೂಲು ಕಡಿಯುತ್ತದೆ, ಕಡಿದರೆ ಗಂಟು, ಗಂಟಾದರೆ ನೇಯುವವನ ಬೈಗುಳ. ಹಾಗಾಗಿ ಷೆಡ್ಡಿನ ಕಿಟಕಿಗಳಿಗೆ ಒದ್ದೆ ಗೋಣಿ ಇಳಿಬಿಟ್ಟಿರುತ್ತಿದ್ದ, ಬಾಗಿಲಲ್ಲಿ ಕಾಲು ಕೊಡವದೆ ಒಳಗೆ ಹೋದರೆ ನನಗೂ ಅಕ್ಕನಿಗೂ ಬೆನ್ನಿಗೊಂದು ಬೀಳುತ್ತಿತ್ತು. ಅಜ್ಜಿಯದು, ಅಂದರೆ ಅಪ್ಪನ ತಾಯಿಯದು, ಇನ್ನೊಂದು ಕಾವಲು. ಹೊರಗಿನಿಂದ ನೂಲಿನ ಕಟ್ಟು ಮನೆಗೆ ಬಂದರೆ ಮೊದಲು ಅವಳ ಮುಂದಿಡಬೇಕು. ಅವಳು ಒಂದು ಎಳೆ ಕಿತ್ತು, ದೇವರ ದೀಪಕ್ಕೆ ಹಿಡಿದು ಸುಟ್ಟು, ಬೆರಳಲ್ಲಿ ಹೊಸಕಿ ನಮ್ಮ ಮೂಗಿನ ಹತ್ತಿರ ತರುತ್ತಿದ್ದಳು.

"ಮೂಸು. ಕೂದ್ಲು ಸುಟ್ಟಂಗೆ ಬತ್ತೈತಾ? ಬೂದಿ ಪುಡಿ ಆಯ್ತಾ? ಅಂಗಿದ್ರೆ ರೇಷ್ಮೆ. ಅಂಟ್ಕಂಡು ಗುಂಡಿನಂಗೆ ಗಟ್ಟಿ ಆಯ್ತು ಅಂದ್ರೆ ಪ್ಲಾಸ್ಟಿಕ್ಕು, ತಕ್ಕೊಂಡು ಹೋಗು ಅನ್ನು."

ನನ್ನ ಜೀವನದಲ್ಲಿ ನಾನು ಕಂಡ ಮೊದಲ ಪ್ರಯೋಗ ಅದು. ಪ್ರಯೋಗಾಲಯ ದೇವರ ಗೂಡು.

ಕಾರು ಬಂದದ್ದು ಅಜ್ಜಿಗಾಗಿ. ನನ್ನ ಸಾವಿತ್ರತ್ತೆಯನ್ನು, ಅಂದರೆ ಅಜ್ಜಿಯ ಒಬ್ಬಳೇ ಮಗಳನ್ನು, ದೊಡ್ಡಬಳ್ಳಾಪುರದಾಚೆ ರಾಜಘಟ್ಟಕ್ಕೆ ಕೊಟ್ಟಿತ್ತು. ಅಜ್ಜಿಯ ಮಂಡಿ ಕೆಟ್ಟ ಮೇಲೆ ಬಸ್ಸಿನ ಮೆಟ್ಟಿಲು ಅವಳಿಗೆ ಬೆಟ್ಟವಾಯಿತು. ಮಗಳ ಮನೆ ನೋಡಿ ಎರಡು ವರ್ಷವಾದಾಗ ಅಪ್ಪ ಯಾರೋ ಬೆಂಗಳೂರಿನವರಿಂದ ಒಂದು ಹಳೆಯ ಬೂದು ಬಣ್ಣದ ಕಾರು ತಂದು ಷೆಡ್ಡಿನ ಪಕ್ಕದ ಚಪ್ಪರದಡಿ ನಿಲ್ಲಿಸಿದ. ಅಜ್ಜಿ ಅದನ್ನು 'ಮೋಟ್ರು' ಎಂದಳು. ಮುಂದಿನ ಸೀಟು ಅವಳದು. ಕಾರು ಎಲ್ಲಿಗೂ ಹೋಗದ ದಿನಗಳಲ್ಲೂ ಸಂಜೆ ಅದರಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು, ಗಾಜು ಇಳಿಸಿಕೊಂಡು ಹಾದುಹೋಗುವವರನ್ನು ಮಾತಾಡಿಸುತ್ತಿದ್ದಳು. ಅಮ್ಮ ಆ ಜಾಗದಲ್ಲಿ ಹಸು ಕಟ್ಟಬೇಕೆಂದಿದ್ದಳು. ಹಸುವಾದರೆ ನಿಂತಲ್ಲೇ ಹಾಲು ಕೊಡುತ್ತದೆ, ಇದು ನಿಂತಲ್ಲೇ ನಿಲ್ಲುವುದು ಬಿಟ್ಟು ಬೇರೇನು ಮಾಡುತ್ತದೆ ಎಂಬುದು ಅವಳ ಪ್ರಶ್ನೆ.

ಪ್ರಶ್ನೆಯಲ್ಲಿ ನ್ಯಾಯವಿತ್ತು. ಇಂಜಿನ್ನಿನಲ್ಲಿ ನಾಲ್ಕು ಪ್ಲಗ್ಗು. ಪ್ರತಿಯೊಂದರ ತುದಿಯಲ್ಲಿ ಕಿಡಿ ಹಾರಿ ಪೆಟ್ರೋಲಿನ ಆವಿ ಹೊತ್ತಿಕೊಳ್ಳಬೇಕು. ನಮ್ಮ ಕಾರಿನ ಪ್ಲಗ್ಗುಗಳ ತುದಿಗೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಸಿ ಹಿಡಿಯುತ್ತಿತ್ತು, ದೀಪದ ಕುಡಿಯ ಮೇಲೆ ಹಿಡಿದ ತಟ್ಟೆಗೆ ಹಿಡಿಯುತ್ತದಲ್ಲ ಹಾಗೆ, ಒಣಗಿದ, ಮೆತ್ತನೆಯ, ಕಡುಕಪ್ಪು ಮಸಿ. ಆಗ ಕಿಡಿ ಹಾರದು. ಕಾರು ಕೆಮ್ಮಿ, ಜಗ್ಗಿ, ನಿಂತುಬಿಡುತ್ತಿತ್ತು. ವಾರಕ್ಕೊಮ್ಮೆ ಪ್ಲಗ್ಗು ಬಿಚ್ಚುವುದು ನಮ್ಮ ಮನೆಯ ವ್ರತವಾಯಿತು. ಅಪ್ಪ ಯಾವ ಪ್ಲಗ್ಗು ಎಲ್ಲಿಯದೆಂದು ಗೊತ್ತಾಗಲು ಷೆಡ್ಡಿನ ಪದ್ಧತಿಯನ್ನೇ ತಂದ. ಬೇರೆ ಬೇರೆ ಹುರಿಯ ನೂಲು ಕಲಸಿಹೋಗದಂತೆ ಅಲ್ಲಿ ಬಣ್ಣ ಹಾಕಿ ಗುರುತು ಮಾಡುತ್ತಿದ್ದಂತೆ, ಇಲ್ಲೂ ಒಂದನೆಯದಕ್ಕೆ ಕೆಂಪು ದಾರ, ಎರಡಕ್ಕೆ ಹಸಿರು, ಮೂರಕ್ಕೆ ಹಳದಿ, ನಾಲ್ಕಕ್ಕೆ ಬಿಳಿ. ಪೆಟ್ರೋಲಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ, ದಾರ ಬಿಚ್ಚಿಟ್ಟು, ಉಳಿದ ಮಸಿ ಸುಟ್ಟುಹೋಗಲೆಂದು ಅಮ್ಮನ ಒಲೆಯ ಕೆಂಡದ ಮೇಲೆ ಸಾಲಾಗಿ ಇಡಬೇಕು, ತಣ್ಣಗಾದ ಮೇಲೆ ಅದೇ ಸಾಲಿನಲ್ಲಿ ದಾರ ಕಟ್ಟಬೇಕು. ಈ ಕೆಲಸ ನನ್ನದು. ಹತ್ತು ವರ್ಷದವನಿಗೆ ಇಷ್ಟು ಜವಾಬ್ದಾರಿ ಕೊಟ್ಟ ಅಪ್ಪ ಜಗತ್ತಿನಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ಹೆಮ್ಮೆ. ಅಮ್ಮನಿಗೆ ಅಪ್ಪನ ಮೇಲೆ ಸಿಟ್ಟು ಬಂದರೆ ಅವನ ಎದುರಿಗೇ ನಿಂತು ನನ್ನ ಮೂಲಕ ಮಾತಾಡುತ್ತಿದ್ದಳು.

"ಶಿವು, ನಿಮ್ಮಪ್ಪಂಗೆ ಹೇಳು. ಇವತ್ತು ಮುದ್ದೆಗೆ ಪ್ಲಗ್ ಸಾರು ಅಂತ."

"ಶಿವು, ನಿಮ್ಮಮ್ಮಂಗೆ ಹೇಳು. ಉಪ್ಪು ಕಮ್ಮಿ ಹಾಕು ಅಂತ."

ನಾನು ಯಾವುದನ್ನೂ ಹೇಳಬೇಕಾಗಿರಲಿಲ್ಲ. ಇಬ್ಬರೂ ನಗು ತಡೆದುಕೊಂಡು ಬೇರೆ ಬೇರೆ ಕಡೆ ನೋಡುತ್ತಿದ್ದರು.

ಕಾರಣದ ಬಗ್ಗೆ ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಸಿದ್ಧಾಂತ. ಇಂಜಿನ್ ಸವೆದು ಆಯಿಲ್ ಮೇಲೇರುತ್ತಿದೆ ಎಂದು ಅಪ್ಪ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಎಂದು ಅಮ್ಮ. ದೃಷ್ಟಿ ಎಂದು ಅಜ್ಜಿ. ಅವಳು ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಮುಂದುಗಡೆ ಕಟ್ಟಿದಳು, ಸಾಲದೆಂದು ಹಿಂದುಗಡೆಯೂ ಕಟ್ಟಿದಳು. ಮೆಕ್ಯಾನಿಕ್ ಖಾದರ್ ಸಾಬರು ಮೂರನ್ನೂ ಒಪ್ಪಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಹುಣಸೆಮರದ ಕೆಳಗೆ ಅವರ ಗ್ಯಾರೇಜು. ಪ್ಲಗ್ಗಿನ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು, ಹೊಸಕಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನನಗೆ ಅವರು ಅಜ್ಜಿಯ ಹಾಗೆಯೇ ಕಾಣುತ್ತಿದ್ದರು.

"ನೋಡಿ ಗೌಡ್ರೇ, ಆಯಿಲ್ ಬಂದಿದ್ರೆ ಒದ್ದೆ ಇರ್ಬೇಕು. ಇದು ಒಣಾ ಮಸಿ. ಪೆಟ್ರೋಲ್ ಜಾಸ್ತಿ ಕುಡೀತೈತೆ, ಅರಗಿಸ್ಕೊಳ್ಳಾಕೆ ಆಗ್ತಿಲ್ಲ. ಆದ್ರೆ ಒಂದ್ ವಿಷ್ಯ ನಂಗೆ ಗೊತ್ತಾಗ್ತಿಲ್ಲ. ನನ್ ಹತ್ರ ಬಂದಾಗೆಲ್ಲ ಈ ಗಾಡಿ ಚೆನ್ನಾಗೈತೆ. ದೇವನಹಳ್ಳಿವರೆಗೂ ಓಡ್ಸಿ ಬಂದೆ, ಪ್ಲಗ್ ನೋಡಿದ್ರೆ ಬಿಸ್ಕೀಟ್ ಕಲರ್! ನಿಮ್ಮನೇಗೆ ಹೋದ್ರೆ ಕೆಡ್ತದೆ. ನಿಮ್ಮನೇಲೇ ಏನೋ ಐತೆ."

"ನಾನ್ ಹೇಳ್ಲಿಲ್ವಾ?" ಎಂದಳು ಅಜ್ಜಿ, ಈ ವರದಿ ಕೇಳಿ. ನಿಂಬೆಹಣ್ಣು ಎರಡಿದ್ದದ್ದು ನಾಲ್ಕಾಯಿತು.

ಮನೆಯಲ್ಲಿ ಏನೋ ಇತ್ತು. ಅದು ಏನೆಂದು ಅಪ್ಪನಿಗೂ ನನಗೂ ಮಾತ್ರ ಗೊತ್ತಿತ್ತು, ಮತ್ತು ಅದೇ ಕಾರಣವಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಕಾರು ತಂದ ಹೊಸದರಲ್ಲಿ ಅಪ್ಪ ಬಾನೆಟ್ ಎತ್ತಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಡಬ್ಬವನ್ನು ತೋರಿಸಿ, ಇದರೊಳಗಿನ ಕಾಗದದ ಸೋಸುವ ಬಿಲ್ಲೆ ನಮ್ಮ ಮಣ್ಣುದಾರಿಯ ಧೂಳಿಗೆ ಎಷ್ಟು ದಿನ ತಾಳುತ್ತದೆ ಎಂದಿದ್ದ. ಮಜ್ಜಿಗೆ ಸೋಸಲು ಅಮ್ಮ ಬಟ್ಟೆ ಕಟ್ಟುವುದು ಅವನಿಗೆ ನೆನಪಾಯಿತೋ ಏನೋ. ನಮ್ಮದೇ ನೂಲಿನಿಂದ ನೇಯಿಸಿದ್ದ ಒತ್ತು ನೇಯ್ಗೆಯ ರೇಷ್ಮೆಯ ತುಂಡನ್ನು ಎರಡು ಮಡಿಕೆ ಮಾಡಿ, ಟೋಪಿಯ ಹಾಗೆ ತಾನೇ ಹೊಲಿದು, ಆ ಬಿಲ್ಲೆಗೆ ತೊಡಿಸಿದ. ಧೂಳಿನ ವಿರುದ್ಧ ಅವನ ಬದುಕಿನ ದೊಡ್ಡ ಗೆಲುವು ಅದು. ಗ್ಯಾರೇಜಿಗೆ ಹೋಗುವ ಮುಂಚೆ ಪ್ರತಿ ಸಲ ಅದನ್ನು ತೆಗೆದು ನನ್ನ ಕೈಗೆ ಕೊಡುತ್ತಿದ್ದ. ನಾನು ಅದನ್ನು ಹಳೆಯ ಪಂಚಾಂಗದೊಳಗಿಟ್ಟು ದೇವರ ಗೂಡಿನ ಹಿಂದೆ ಸೇರಿಸಬೇಕು.

"ಖಾದರ್ ಕಣ್ಗೆ ಬೀಳ್ಬಾರ್ದು ಕಣ್ಲಾ. ನೋಡಿದ್ರೆ ನಾಳೆ ಊರಲ್ಲಿರೋ ಕಾರಿಗೆಲ್ಲ ಹಾಕ್ಬಿಡ್ತಾನೆ. ಎಣ್ಣೆ ಕೈಲಿ ರೇಷ್ಮೆ ಮುಟ್ಟಿದ್ರೆ ಉಳೀತೈತಾ? ಯಾರ್ಗೂ ಹೇಳ್ಬೇಡ. ಆಣೆ ಮಾಡು."

ಮಾಡಿದೆ. ಆ ಆಣೆಯ ಭಾರ ನನಗೆ ಎಷ್ಟು ಹಿತವಾಗಿತ್ತೆಂದರೆ, ಶಾಲೆಯಲ್ಲಿ ಪಾಠದ ನಡುವೆಯೂ ಅದನ್ನು ನೆನೆದು ಒಬ್ಬನೇ ನಗುತ್ತಿದ್ದೆ.

ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಬಾಗಿನ ಹೋಗಬೇಕು. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಾಚಣಿಗೆ, ರವಿಕೆಬಟ್ಟೆ ಇಟ್ಟು, ಮೇಲೊಂದು ಮೊರ ಮುಚ್ಚಿ, ಅರಿಶಿನದ ದಾರ ಸುತ್ತಿ, ಅಣ್ಣನೇ ಹೊತ್ತು ತಂದು ಕೊಡಬೇಕು. ಹಿಂದಿನ ವರ್ಷ ಅಪ್ಪ ಅಜ್ಜಿಯನ್ನೂ ಬಾಗಿನವನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟು, ದೇವನಹಳ್ಳಿ ದಾಟುವುದರೊಳಗೆ ಕಾರು ನಿಂತು, ಅಜ್ಜಿಯನ್ನು ಯಾರದೋ ಗಾಡಿಯಲ್ಲಿ ಮನೆಗೆ ಕಳಿಸಿ, ತಾನು ಲಾರಿ ಹತ್ತಿ ರಾಜಘಟ್ಟ ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ತವರಿನ ಬಾಗಿನ ಬರದೆ ಅತ್ತೆ ಬಾಯಿಗೆ ನೀರೂ ಹಾಕಿರಲಿಲ್ಲ. ಅತ್ತೆಯ ಮನೆಯವರು ಬಿಡುತ್ತಾರೆಯೇ? ಈ ವರ್ಷ ಹಬ್ಬಕ್ಕೆ ಹದಿನೈದು ದಿನವಿರುವಾಗಲೇ ಅಲ್ಲಿಂದ ಹೇಳಿಕಳಿಸಿದರು: ಅಣ್ಣ ಕಾರಿನಲ್ಲಿ ಹೊರಡುವುದಾದರೆ ಈಗಲೇ ಹೊರಡಲಿ, ಹಬ್ಬಕ್ಕೆ ಸರಿಹೋಗುತ್ತದೆ. ಅಪ್ಪ ಊಟದ ತಟ್ಟೆಯ ಮುಂದೆ ಎದ್ದು ನಿಂತ.

"ಮಧ್ಯಾಹ್ನದ ಊಟದೊಳ್ಗೆ ಅವ್ವನ್ನ ಕೂರಿಸ್ಕೊಂಡು ಸಾವಿತ್ರಿ ಮನೆ ಬಾಗ್ಲಲ್ಲಿ ಇಳೀತೀನಿ. ಆಗ್ಲಿಲ್ವಾ, ಮಾರ್ನೇ ದಿನ ಗುಜರಿಗೆ ಹಾಕ್ತೀನಿ ಈ ಕಾರ್ನ."

"ಶಿವು, ನಿಮ್ಮಪ್ಪಂಗೆ ಹೇಳು. ಹಸು ನೋಡಿಟ್ಟಿರ್ತೀನಿ ಅಂತ."

ಕಾರು ಹೋದರೆ ಮಗಳ ಮನೆಯ ದಾರಿಯೂ ಹೋಯಿತೆಂದು ಅಜ್ಜಿಗೆ ಗೊತ್ತಿತ್ತು. ಆ ಸಂಜೆ ಅವಳು ಕಾರಿನಲ್ಲಿ ಕೂರಲಿಲ್ಲ, ಅದರ ಪಕ್ಕ ಕಲ್ಲಿನ ಮೇಲೆ ಕೂತಳು.

ಹಬ್ಬಕ್ಕೆ ವಾರವಿರುವಾಗ ನಾನು ದೊಡ್ಡ ತಪ್ಪು ಮಾಡಿದೆ. ಕೆಂಡದ ಮೇಲಿದ್ದ ಪ್ಲಗ್ಗುಗಳನ್ನು ಬೆಕ್ಕು ಹಾರಿ ಉರುಳಿಸಿತು. (ಬೆಕ್ಕು ಎಂಬುದು ನಾನು ಆಗ ಹೇಳಿದ್ದು. ನನ್ನ ಮೊಣಕೈಯೂ ಇರಬಹುದು.) ಯಾವುದು ಒಂದನೆಯದು, ಯಾವುದು ಮೂರನೆಯದು ತಿಳಿಯಲಿಲ್ಲ. ಕೆಂಪು, ಹಸಿರು, ಹಳದಿ, ಬಿಳಿ ದಾರಗಳನ್ನು ಕೈಯಲ್ಲಿ ಹಿಡಿದು ಅಳುತ್ತಾ ಕೂತಿದ್ದೆ. ಹತ್ತನೇ ತರಗತಿಯಲ್ಲಿದ್ದ ಅಕ್ಕ ನೀರು ಕುಡಿಯಲು ಬಂದವಳು ನೋಡಿದಳು.

"ಯಾಕೋ ಅಳ್ತೀಯ? ಯಾವ್ದು ಎಷ್ಟು ಕಪ್ಪಿತ್ತು ಅಂತ ನೆನಪಿದ್ರೆ ಯಾವ್ದು ಎಲ್ಲೀದು ಅಂತ ಗೊತ್ತಾಗಲ್ವಾ?"

"ಎಲ್ಲಾನೂ ಒಂದೇ ತರ ಕಪ್ಪಿದ್ವು ಕಣಕ್ಕಾ. ಯಾವಾಗ್ಲೂ ಒಂದೇ ತರ."

ಅಕ್ಕ ಲೋಟ ಕೆಳಗಿಟ್ಟಳು. ಆ ಶಬ್ದ ನನಗೆ ಈಗಲೂ ಕೇಳುತ್ತದೆ ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಕದಿರುಗಳ ಸದ್ದಿನಲ್ಲಿ ಲೋಟದ ಶಬ್ದ ಕೇಳಿರಲಾರದು. ಅವಳು ಹೇಳಿದ್ದು ಮಾತ್ರ ಗೊತ್ತು, ಏಕೆಂದರೆ ಅದರಿಂದ ಜಗಳವಾಯಿತು.

"ಮನೇಲಿ ಒಬ್ರಿಗೆ ಹೊಟ್ಟೆ ಕೆಟ್ರೆ ಹೊಟ್ಟೇದು ತಪ್ಪು. ನಾಲ್ಕೂ ಜನಕ್ಕೆ ಒಂದೇ ಸಲ, ಒಂದೇ ತರ ಕೆಟ್ರೆ ತಪ್ಪು ಹೊಟ್ಟೇದಲ್ಲ, ಸಾರಿಂದು!"

"ನನ್ ಸಾರಿಗೆ ಏನಾಗೈತೆ?" ಎಂದಳು ಅಮ್ಮ, ಸೌಟು ಹಿಡಿದು ತಿರುಗಿ.

ಅಮ್ಮನನ್ನು ಸಮಾಧಾನ ಮಾಡಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅಪ್ಪನಿಗೆ ಮಾತಿನ ತಿರುಳು ಹತ್ತಿತ್ತು. ಇಂಜಿನ್ನೇ ಸವೆದಿದ್ದರೆ ಒಂದು ಪ್ಲಗ್ಗು ಹೆಚ್ಚು, ಒಂದು ಕಡಿಮೆ ಕೆಡಬೇಕು. ನಾಲ್ಕೂ ಸಮವಾಗಿ ಕೆಟ್ಟರೆ ಅದು ನಾಲ್ಕಕ್ಕೂ ಹೋಗುವ ಊಟದ್ದೇ ದೋಷ. ಪೆಟ್ರೋಲು ಬಡಿಸುವುದು ಕಾರ್ಬೊರೇಟರು. ಮಾರನೆಯ ದಿನ ಅಪ್ಪ ರೇಷ್ಮೆ ಟೋಪಿ ತೆಗೆದು ನನಗೆ ಕೊಟ್ಟ, ನಾನು ಅದನ್ನು ಪಂಚಾಂಗದೊಳಗಿಟ್ಟೆ, ಇಬ್ಬರೂ ಗ್ಯಾರೇಜಿಗೆ ಹೋದೆವು. ಖಾದರ್ ಸಾಬರು ಕಾರ್ಬೊರೇಟರನ್ನು ಪೂರ್ತಿ ಬಿಚ್ಚಿ, ಸಣ್ಣ ಸಣ್ಣ ತೂತುಗಳನ್ನೂ ಬಾಯಿಂದ ಊದಿ ತೊಳೆದರು. ಕೊನೆಗೆ ಗಾಳಿ ಡಬ್ಬದ ಮುಚ್ಚಳ ತೆಗೆದು ಸಿಳ್ಳೆ ಹಾಕಿದರು.

"ಫಿಲ್ಟರ್ ನೋಡಿ ಗೌಡ್ರೇ, ಮೊನ್ನೆ ತಂದಂಗೈತೆ! ಇಷ್ಟು ವರ್ಷದಲ್ಲಿ ಇಷ್ಟು ಕ್ಲೀನ್ ಫಿಲ್ಟರ್ ನೋಡಿಲ್ಲ. ಏನ್ ಮಾಡ್ತೀರಾ?"

ಅಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು ಮಿಟುಕಿಸಲು ಹೋಗಿ ಎರಡೂ ಕಣ್ಣು ಮುಚ್ಚಿದೆ. ಕಾರು ಗ್ಯಾರೇಜಿನಿಂದ ಹೊಸ ಮದುಮಗನ ಹಾಗೆ ಹೊರಟಿತು. ಆ ವಾರವಿಡೀ ಅಪ್ಪ ಅದನ್ನು ಮುಟ್ಟಲಿಲ್ಲ, ಸವೆದುಬಿಟ್ಟೀತೆಂದು. ಹಬ್ಬದ ಮುಂಚಿನ ಸಂಜೆ ಮಾತ್ರ ಟೋಪಿಯನ್ನು ಈಚೆ ತೆಗೆದು, ದೊಡ್ಡಬಳ್ಳಾಪುರದ ದಾರಿಯಲ್ಲಿ ಧೂಳು ಹೆಚ್ಚೆಂದು, ಹಳೆಯದರ ಮೇಲೆ ಇನ್ನೂ ಎರಡು ಪದರ ರೇಷ್ಮೆ ಹೊಲಿದು ತೊಡಿಸಿದ.

ಹಬ್ಬದ ದಿನ ಮನೆಯ ಪೂಜೆ ಮುಗಿಸಿ ಹೊರಟೆವು. ಮುಂದೆ ಅಜ್ಜಿ, ಹಿಂದೆ ಅಮ್ಮ, ಅಕ್ಕ, ನಾನು. ಅಮ್ಮನ ತೊಡೆಯ ಮೇಲೆ ಬಾಗಿನ. ಅಜ್ಜಿ ಹೊಸ ಸೀರೆ ಉಟ್ಟು, ಕಿಟಕಿಯಿಂದ ಕೈ ಹೊರಗೆ ಹಾಕಿ, ಪರಿಚಯವಿದ್ದವರಿಗೂ ಇಲ್ಲದವರಿಗೂ "ಮಗಳ್ ಮನೇಗೆ!" ಎಂದು ಹೇಳುತ್ತಾ ಬಂದಳು. ದೇವನಹಳ್ಳಿ ದಾಟಿದೆವು. ಅಪ್ಪ ಸಿಳ್ಳೆ ಹಾಕತೊಡಗಿದ. ಸಿಳ್ಳೆ ಮುಗಿಯುವ ಮುಂಚೆ ಕಾರು ಒಮ್ಮೆ ಜಗ್ಗಿತು. ಇನ್ನೊಮ್ಮೆ. ಹಿಂದೆ ನೋಡಿದರೆ ಕಪ್ಪು ಹೊಗೆ. ದ್ರಾಕ್ಷಿ ತೋಟದ ಪಕ್ಕ, ಅಥವಾ ನೀಲಗಿರಿ ತೋಪಿನ ಪಕ್ಕ, ಅಥವಾ ಬಯಲಿನಲ್ಲಿ, ಕಾರು ನಿಂತಿತು.

ಅಪ್ಪ ಪ್ಲಗ್ಗು ಬಿಚ್ಚಿದ. ನಾಲ್ಕೂ ಕಪ್ಪು. ಅವನು ಮೈಲಿಗಲ್ಲಿನ ಮೇಲೆ ಕೂತು ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡ. ಅಮ್ಮ ಹಸುವಿನ ಮಾತೆತ್ತಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಬಾನೆಟ್ಟಿನ ಮುಂದೆ ನಿಂತಿದ್ದಳು.

"ಖಾದರ್ ಸಾಬ್ರ ಹತ್ರ ಇದ್ದಾಗ ಕೆಡಲ್ಲ. ನಮ್ ಹತ್ರ ಇದ್ರೆ ಕೆಡ್ತೈತೆ. ಅಲ್ಲಿರದೆ ಇಲ್ಲಿ ಮಾತ್ರ ಇರೋದು ಏನು?"

"ನಾನು," ಎಂದಳು ಅಜ್ಜಿ.

ಎಲ್ಲರೂ ನಕ್ಕೆವು. ಅಜ್ಜಿ ನಗಲಿಲ್ಲ. ಕಾರಿನ ಬಾಗಿಲು ತೆರೆದು, ಒಂದು ಕಾಲು ಕೆಳಗಿಟ್ಟಿದ್ದಳು.

"ನಿಜ ಕಣೇ. ಖಾದರ್ ಹತ್ರ ನಾನ್ ಹೋಗಲ್ಲ. ಹೋದ್ ವರ್ಷಾನೂ ನಾನಿದ್ದೆ. ನನ್ ಭಾರಾನೋ ನನ್ ಹಣೆಬರಾನೋ. ಮಗಾ ನಾಗ, ನನ್ನ ಇಲ್ಲೇ ಇಳ್ಸಿ ನೀವು ಹೋಗಿ ಬನ್ನಿ. ಆ ಹುಡ್ಗಿ ಹಸ್ಕೊಂಡು ಕೂತಿರ್ತಾಳೆ."

ನನ್ನ ನೆನಪಿನ ಪ್ರಕಾರ ಆಗ ಆಣೆ ಮುರಿದು ಕೂಗಿದವನು ನಾನು: "ಅಜ್ಜಿಯಲ್ಲ, ಟೋಪಿ! ಟೋಪಿ ಅಲ್ಲಿರಲ್ಲ, ಇಲ್ಲಿರ್ತೈತೆ!" ಅಕ್ಕನ ಪ್ರಕಾರ ನಾನು ಬಾಯಿ ಬಿಡದೆ ಗಾಳಿ ಡಬ್ಬವನ್ನೇ ನೋಡುತ್ತಾ ಅಳುತ್ತಿದ್ದೆ, ಅವಳು ನನ್ನ ಕಣ್ಣು ಹೋದ ಕಡೆ ಹೋಗಿ ಮುಚ್ಚಳ ತೆಗೆದಳು. ಅಮ್ಮ ಇಬ್ಬರನ್ನೂ ಒಪ್ಪುವುದಿಲ್ಲ. ಯಾರೂ ಏನೂ ಹೇಳಲಿಲ್ಲ, ನಿಮ್ಮಪ್ಪನೇ ಎದ್ದು ಹೋಗಿ ತೆಗೆದರು ಎನ್ನುತ್ತಾಳೆ. ಮೂರರಲ್ಲಿ ನನಗೆ ಇಷ್ಟವಾದದ್ದು ನನ್ನದು. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಆದರೆ ಟೋಪಿ ಹೊರಬಂದ ಮೇಲೆ ಅಪ್ಪ ಅಂದ ಮಾತಿನಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿಲ್ಲ.

"ಅದು ರೇಷ್ಮೆ ಕಣ್ರೋ! ರೇಷ್ಮೆಯಿಂದ ಕೆಡೋದು ಅಂತ ಪ್ರಪಂಚದಲ್ಲಿ ಏನಾದ್ರೂ ಐತಾ?"

ಅಕ್ಕ ವಾದ ಮಾಡಲಿಲ್ಲ. ಆ ನಾಲ್ಕು ಪದರದ ಟೋಪಿಯನ್ನು ನನ್ನ ಮೂಗು ಬಾಯಿ ಮುಚ್ಚುವಂತೆ ಕಟ್ಟಿದಳು.

"ಆ ಮುಂದಿನ ಫರ್ಲಾಂಗ್ ಕಲ್ಲುವರ್ಗೂ ಓಡಿಹೋಗಿ ಬಾ. ಬಿಚ್ಬಾರ್ದು."

ಓಡಿದೆ. ಹೋಗುವಾಗ ಪರವಾಗಿಲ್ಲ ಅನ್ನಿಸಿತು. ಬರುವಾಗ ಕಣ್ಣು ಕತ್ತಲೆ ಬಂತು, ಕಾರಿನಂತೆಯೇ ಜಗ್ಗಿ, ಕೆಮ್ಮಿ, ಅಪ್ಪನ ಕಾಲ ಬಳಿ ಬಂದು ಕುಸಿದೆ. ಟೋಪಿ ಬಿಚ್ಚಿದರೆ ನನ್ನ ಮೂಗಿನ ಕೆಳಗೆ ಕೆಮ್ಮಣ್ಣಿನ ದಪ್ಪ ಮೀಸೆ. ಮೊದಲು ನಕ್ಕವಳು ಅಜ್ಜಿ. ಆಮೇಲೆ ಅಮ್ಮ, ಬಾಗಿನವನ್ನು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು. ಅಪ್ಪ ನನ್ನನ್ನೂ ಟೋಪಿಯನ್ನೂ ಬಾನೆಟ್ಟನ್ನೂ ಒಂದೊಂದಾಗಿ ನೋಡಿದ. ಪೆಟ್ರೋಲು ಎಂದಿನಷ್ಟೇ ಬರುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಖಾದರ್ ಸಾಬರು ಮೆಚ್ಚಿದ ಆ ಹೊಸದರಂಥ ಫಿಲ್ಟರು ಹೊಸದಾಗಿಯೇ ಉಳಿದದ್ದು ಅದರವರೆಗೆ ಏನೂ ಹೋಗದೆ ಇದ್ದುದರಿಂದ.

ಈಗ ಪ್ಲಗ್ಗು ಉಜ್ಜಬೇಕು. ಕೆಂಡವಿಲ್ಲ, ಬ್ರಷ್ಷಿಲ್ಲ. ಒರಟಾದದ್ದು ಏನಾದರೂ ಬೇಕು. ಅಜ್ಜಿ ಬಾಗಿನದ ಕಡೆ ಕೈ ತೋರಿಸಿದಳು.

"ಬಿಚ್ಚು. ಕಾಯಿ ಐತಲ್ಲ, ನಾರು ಕಿತ್ಕೋ."

"ಅತ್ತೇ, ಜುಟ್ಟಿಲ್ಲದ ಕಾಯಿನ ಬಾಗಿನಕ್ಕೆ ಇಡ್ತಾರಾ?" ಅಮ್ಮ ಬೆಚ್ಚಿದಳು.

"ನನ್ ಮಗ್ಳಿಗೆ ಜುಟ್ ಬೇಡ. ನಾನ್ ಬೇಕು."

ಅರಿಶಿನದ ದಾರ ಬಿಚ್ಚಿತು. ಕಾಯಿಯ ಜುಟ್ಟನ್ನು ಅಪ್ಪ ಕಿತ್ತ. ಆ ನಾರಿನಿಂದ ನಾನೂ ಅಕ್ಕನೂ ಎರಡೆರಡು ಪ್ಲಗ್ಗು ಉಜ್ಜಿದೆವು, ಸಂದಿಯ ಮಸಿಯನ್ನು ಅಮ್ಮ ಸೀರೆಯ ಪಿನ್ನಿನಿಂದ ಕೆದಕಿದಳು. ಯಾವುದು ಯಾವ ಬಣ್ಣದ್ದೆಂದು ಯಾರೂ ನೋಡಲಿಲ್ಲ. ಕಾರು ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಇಂಜಿನ್ನಿನ ಅಂಥ ಸದ್ದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ, ನೆಗಡಿ ಬಿಟ್ಟವನ ಉಸಿರಿನ ಹಾಗಿತ್ತು. ದೊಡ್ಡಬಳ್ಳಾಪುರ ದಾಟಿದ ಮೇಲೆ ಅಪ್ಪ ತನಗೇ ಹೇಳಿಕೊಳ್ಳುವವನಂತೆ ಅಂದ:

"ರೇಷ್ಮೆ ಉಸ್ರು ಕಟ್ಟಿಸ್ತೈತೆ ಅಂತ ಯಾರ್ಗೆ ಗೊತ್ತಿತ್ತು?"

"ನಮ್ಮನ್ ಕೇಳಿದ್ರೆ ಹೇಳ್ತಿದ್ವಿ," ಎಂದಳು ಅಜ್ಜಿ. "ಬೇಸಿಗೇಲಿ ರೇಷ್ಮೆ ಸೀರೆ ಉಟ್ಕೊಂಡು ಮದ್ವೆ ಪಂಕ್ತೀಲಿ ಕೂತು ನೋಡು."

ರಾಜಘಟ್ಟದಲ್ಲಿ ಇಳಿದಾಗ ನೆರಳು ಕಾಲಡಿಗೇ ಇತ್ತು. ಅತ್ತೆಯ ಮನೆಯ ಜಗಲಿಯ ಮೇಲೆ, ನಮ್ಮನ್ನು ಗೇಲಿ ಮಾಡಲು ಸಿದ್ಧರಾಗಿ ಕೂತಿದ್ದವರೆಲ್ಲ ಎದ್ದು ನಿಂತರು. ಅತ್ತೆ ಬಾಗಿನದ ಕಡೆ ನೋಡಲೇ ಇಲ್ಲ. "ಅವ್ವಾ!" ಎಂದು ಮೆಟ್ಟಿಲು ಇಳಿದು ಬಂದು, ಕಾರಿನೊಳಗೇ ಅರ್ಧ ನುಗ್ಗಿ ಅಜ್ಜಿಯನ್ನು ಹಿಡಿದುಕೊಂಡಳು. ಇಬ್ಬರೂ ಬಾಗಿಲಲ್ಲಿ ಸಿಕ್ಕಿಕೊಂಡು, ಒಳಗೂ ಹೋಗಲಾರದೆ ಹೊರಗೂ ಬರಲಾರದೆ, ಅಳುತ್ತಾ ನಗುತ್ತಾ ಇದ್ದರು. ಬಹಳ ಹೊತ್ತಿನ ಮೇಲೆ ಮೊರ ತೆರೆದಾಗ ಅತ್ತೆ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಣ್ಣಾ, ಇದ್ರ ಜುಟ್ಟೆಲ್ಲಿ?"

"ದಾರೀಲಿ ಮುಡಿ ಕೊಟ್ಟು ಬಂತು ಕಣಮ್ಮ," ಎಂದ ಅಪ್ಪ.

ಖಾದರ್ ಸಾಬರಿಗೆ ಸುದ್ದಿ ಮುಟ್ಟಿಸಲು ಅಪ್ಪನಿಗೆ ಧೈರ್ಯ ಬಂದದ್ದು ವಾರದ ಮೇಲೆ. ಅವರು ಕೇಳಿ, ಸ್ಪ್ಯಾನರು ಕೆಳಗಿಟ್ಟು, ಹುಣಸೆಮರಕ್ಕೆ ಒರಗಿ ನಿಂತರು. "ಗೌಡ್ರೇ, ಒಂದ್ ವರ್ಷ ಅದ್ರ ಮೂಗು ಮುಚ್ಬಿಟ್ಟು ನನ್ ಹತ್ರ ಕೆಮ್ಮಿಗೆ ಔಷ್ದಿ ಕೇಳಿದ್ರಾ?" ಎಂದು ಊರಿಗೆಲ್ಲ ಕೇಳುವಂತೆ ನಕ್ಕರು. ಕಾರು ಆಮೇಲೆ ಬಹಳ ಕಾಲ ನಮ್ಮಲ್ಲಿತ್ತು. ಅಜ್ಜಿ ಹಬ್ಬವಿರಲಿ ಬಿಡಲಿ ರಾಜಘಟ್ಟಕ್ಕೆ ಹೋಗಿ ಬರುತ್ತಿದ್ದಳು. ಅಮ್ಮನಿಗೆ ಹಸುವೂ ಬಂತು, ಚಪ್ಪರವನ್ನು ಉದ್ದ ಮಾಡಿದರು, ಎರಡೂ ಪಕ್ಕಪಕ್ಕ ನಿಲ್ಲುತ್ತಿದ್ದವು. ನನಗೆ ಉಳಿದದ್ದು ಒಂದು ಚಾಳಿ. ಯಾವುದೇ ತೊಂದರೆಯ ಕಾರಣ ಹುಡುಕುವಾಗ, ನಾವು ಅತ್ಯಂತ ಹೆಮ್ಮೆಪಡುವ ವಸ್ತುವನ್ನು ಮೊದಲು ಬಿಚ್ಚಿ ನೋಡಬೇಕೆನ್ನಿಸುತ್ತದೆ. ಇದರಿಂದ ನನಗೆ ಸ್ನೇಹಿತರು ಕಡಿಮೆ. ಕೆಲಸ ಬಿಟ್ಟು ಕೆಲಸ ಹಿಡಿದದ್ದೂ ಇದರಿಂದಲೇ ಇರಬೇಕು.

ಹೋದ ತಿಂಗಳು ಅಮ್ಮನ ಟ್ರಂಕನ್ನು ಅಕ್ಕನ ಮನೆಯಲ್ಲಿ ಬಿಚ್ಚುತ್ತಿದ್ದಾಗ ಹಳೆಯ ಪಂಚಾಂಗವೊಂದರೊಳಗೆ ಟೋಪಿ ಸಿಕ್ಕಿತು. ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಅದನ್ನು ಅಲ್ಲಿಗೆ ವಾಪಸು ಸೇರಿಸಿದವರು ಯಾರೆಂದು ಮೂವರಿಗೂ ಗೊತ್ತಿಲ್ಲ. ಅಕ್ಕ ಬೆರಳಲ್ಲಿ ಉಜ್ಜಿ ನೋಡಿ ಹೇಳಿದಳು:

"ಇದು ರೇಷ್ಮೆ ಅಲ್ಲ ಕಣೋ. ಟೆರಿಕಾಟೋ ಏನೋ. ನಾಲ್ಕು ಪದರ ಒಳ್ಳೇ ರೇಷ್ಮೆನ ಕಾರಿಗೆ ಹಾಕ್ತಾರಾ ಅಪ್ಪ? ರೇಷ್ಮೆ ಅಂತ ಅವ್ರು ಅಂದಿದ್ದನ್ನ ನಂಬ್ಕೊಂಡು ನೀನು ಕಥೆ ಕಟ್ಕೊಂಡಿದ್ದೀಯ."

ತೋಟ ಹೋಗಲಿ, ಬೆಕ್ಕು ಹೋಗಲಿ, ಕೂಗಿದವನು ನಾನಲ್ಲದೆಯೂ ಹೋಗಲಿ. ಇದೊಂದು ಹೋದರೆ ಅಪ್ಪನೇ ಬೇರೆಯವನಾಗುತ್ತಾನೆ. ಕತ್ತರಿ ತಂದು ಅಂಚಿನ ಹೊಲಿಗೆ ಬಿಚ್ಚಿದೆ. ಒಳಮಡಿಕೆಯಲ್ಲಿ ಧೂಳು ತಲುಪದ ಬೆರಳಗಲದ ಜಾಗವಿತ್ತು, ಕೆನೆಯ ಬಣ್ಣ. ಅಲ್ಲಿಂದ ಒಂದು ಎಳೆ ಎಳೆದು, ಅಕ್ಕನ ದೇವರ ಮನೆಯ ದೀಪಕ್ಕೆ ಹಿಡಿದೆ. ಎಳೆ ಮುದುರಿ, ಸುರುಟಿ, ತಾನಾಗಿ ಆರಿತು. ಬೆರಳಲ್ಲಿ ಹೊಸಕಿದರೆ ಬೂದಿ ಪುಡಿಯಾಯಿತು. ಅಕ್ಕನ ಮೂಗಿನ ಹತ್ತಿರ ಹಿಡಿದೆ. ಅವಳು ಮೂಸಿ, ನನ್ನ ಕೈಯನ್ನು ಪಕ್ಕದಲ್ಲಿ ಕೂತಿದ್ದ ಅಮ್ಮನ ಕಡೆ ತಿರುಗಿಸಿದಳು.

ಕೂದಲು ಸುಟ್ಟ ವಾಸನೆ. ಅದು ರೇಷ್ಮೆ.